ಟಣ್ ಅನ್ನುವ ಟಯರು

ನವೆಂಬರ್ 4, ಸೋಮವಾರ

ನಮಾಜು ಆಯ್ತು. ಚಹಾ ಆಯ್ತು. ಕಾರು ಒರೆಸಿದೆ. ನಾಲ್ಕೂ ಟಯರಿಗೆ ಒಂದೊಂದು ಒದ್ದು ನೋಡಿದೆ. ಎಡಗಡೆ ಹಿಂದಿನದ್ದು ಸ್ವಲ್ಪ ಮೆತ್ತಗೆ. ಶೆಡ್ಡಿನ ಕಂಪ್ರೆಸರ್ ಚಾಲು ಮಾಡಿ ಗಾಳಿ ಹಿಡಿಸಿದೆ. ಈಗ ಒದ್ದರೆ ಟಣ್ ಅಂತದೆ. ಮಡಂತ್ಯಾರಿನಲ್ಲಿ ಇಷ್ಟು ವರ್ಷ ಜನ ತುಂಬಿಸಿ ಸರ್ವಿಸ್ ಜೀಪು ಓಡಿಸಿದವನಿಗೆ ಮೀಟರ್ ಬೇಡ. ಕಾಲೇ ಮೀಟರ್.

ಸೈನಬಳ ಸೊಂಟಕ್ಕೆ ಬಿ.ಸಿ.ರೋಡಿನಲ್ಲಿ ಫಿಸಿಯೋಥೆರಪಿ. ಡಿಸ್ಕ್ ಜಾರಿದೆ ಅಂತೆ. ಬುರ್ಖಾ ಹಾಕಿ ಹೊರಟು ಬಂದವಳು ಕಾರಿನ ಬಾಗಿಲ ಹತ್ತಿರ ನಿಂತೇಬಿಟ್ಟಳು.

"ನಾನು ಬಸ್ಸಲ್ಲಿ ಬರ್ತೇನೆ. ನೀವು ಕಾರಲ್ಲಿ ಬನ್ನಿ."

"ಎಂತಕ್ಕೆ?"

"ಇದು ಕುಲುಕ್ತದೆ."

"ಬಸ್ಸು ಕುಲುಕುವುದಿಲ್ಲವಾ?"

"ಮುಂದಿನ ಸೀಟು ಸಿಕ್ಕಿದರೆ ತೊಟ್ಟಿಲಿನ ಹಾಗೆ ಉಂಟು."

ಡ್ರೈವರ್ ಮೂಸಾನ ಹೆಂಡತಿ ಬಸ್ಸಲ್ಲಿ! ಬಸ್ಸಿನವರೆಲ್ಲ ನನ್ನ ಗುರುತಿನವರು. ನಾಳೆಗೆ ಪೇಟೆಯಿಡೀ ನಗಾಡಬೇಕು. ಬೈದು ಹತ್ತಿಸಿದೆ. ದಾರಿಯುದ್ದಕ್ಕೂ ಮೇಲಿನ ಹಿಡಿಕೆ ಹಿಡಿದು ಕೂತಿದ್ದಳು. ಹೊಂಡ ಬಂದಾಗಲೆಲ್ಲ — ಯಾ ರಬ್ಬೇ.

ನವೆಂಬರ್ 7, ಗುರುವಾರ

ಪುತ್ತಿಗೆಯಿಂದ ಫೋನು. ಸೈನಬಳ ಅಕ್ಕ ಪಾತುಮ್ಮನಿಗೆ ಮರೆವು ಜಾಸ್ತಿಯಾಗಿದೆ. ಪಾತುಮ್ಮನ ಮಗಳು ಫಾಹಿಮಾ ಹೇಳಿದ್ದು.

"ನಿನ್ನೆ ನನ್ನನ್ನೇ ಯಾರು ನೀನು ಅಂತ ಕೇಳಿದ್ರು. ಆದ್ರೆ ಸೈನಬ ಸೈನಬ ಅಂತ ಬಾಯಲ್ಲಿ ಉಂಟು. ಗುರುತು ಇರುವಾಗ ಒಮ್ಮೆ ಬಂದು ಹೋಗಲಿ. ಬೇಕಾದ್ರೆ ಇಲ್ಲಿಂದ ಕಾರು ಕಳಿಸ್ತೇನೆ."

"ಅವಳನ್ನು ಕರಕೊಂಡು ಬರ್ಲಿಕ್ಕೆ ನನ್ನ ಹತ್ರ ಕಾರು ಇಲ್ಲವಾ?" ಅಂದೆ. ಸ್ವಲ್ಪ ಜೋರಾಯ್ತೋ ಏನೋ. ಅವಳು ಇಟ್ಟುಬಿಟ್ಟಳು.

ಗುರುವಾಯನಕೆರೆ, ವೇಣೂರು, ಮೂಡುಬಿದಿರೆ, ಪುತ್ತಿಗೆ. ದೂರ ಎಂತದೂ ಇಲ್ಲ. ಆದರೆ ತಿರುವು, ಹಂಪು, ಹೊಂಡ. ಸೈನಬ ಹೇಳಿದಳು, ನೋವಾದರೂ ಅಡ್ಡಿಲ್ಲ, ನಾಳೆಯೇ ಹೋಗುವ. ಬಿ.ಸಿ.ರೋಡಿಂದ ಬಂದ ದಿನ ರಾತ್ರಿ ಮಗ್ಗಲು ಬದಲಿಸ್ಲಿಕ್ಕೆ ಆಗದೆ ಅತ್ತವಳು ಇವಳೇ. ನಾನು ಬೇಡ ಅಂದೆ. ಮೊದಲು ಕಾರು ಸರಿ ಮಾಡುವ.

ನವೆಂಬರ್ 9, ಶನಿವಾರ

ಬಿ.ಸಿ.ರೋಡಿನಲ್ಲಿ ಫೈಝಲ್‌ನ ಟಯರ್ ಅಂಗಡಿಗೆ ಹೋದೆ. ಅವನ ಅಪ್ಪನ ಕಾಲದಿಂದ ಗುರುತು. ಕಾರಿನ ಸುತ್ತ ಒಂದು ಸುತ್ತು ಹಾಕಿ ನಕ್ಕ.

"ಮೂಸಾಕ, ಇದೆಂತ ಮಾರಾಯ್ರೆ, ಮದುಮಗನ ಚಕ್ರ!"

ಮೊದಲಿನ ಓನರ್ ಹಾಕಿಸಿದ್ದು. ದೊಡ್ಡ ಅಲಾಯ್, ಹೊಳೀತದೆ. ಅದರ ಮೇಲೆ ಟಯರು ಬಳೆ ತೊಡಿಸಿದ ಹಾಗೆ ತೆಳು. ಅದನ್ನು ನೋಡಿಯೇ ಕಾರು ತೆಗೊಂಡದ್ದು ನಾನು. ಅದನ್ನು ಅವನಿಗೆ ಹೇಳಲಿಲ್ಲ.

ಅವನು ಹೇಳಿದ್ದು — ಚಕ್ರ ಭಾರ ಇದ್ದರೆ ಹೊಂಡಕ್ಕೆ ಬಿದ್ದದ್ದು ಸಲೀಸಾಗಿ ಏಳುವುದಿಲ್ಲ, ಸ್ಪ್ರಿಂಗಿಗೆ ಅದನ್ನು ಹಿಡಿಯಲಿಕ್ಕೆ ಆಗುವುದಿಲ್ಲ, ಪೆಟ್ಟು ಒಳಗೆ ಕೂತವರಿಗೆ ಬರ್ತದೆ. ಹಗುರ ಇದ್ದರೆ ರಸ್ತೆಯ ಜೊತೆಗೇ ಮೇಲೆ ಕೆಳಗೆ ಹೋಗ್ತದೆ. ಟಯರಿನ ಬದಿ ಎತ್ತರ ಇದ್ದರೆ ಸಣ್ಣ ಪೆಟ್ಟನ್ನು ಅದೇ ನುಂಗ್ತದೆ. ಚಕ್ರ ಒಂದು ಸೈಜ್ ಸಣ್ಣದು ಮಾಡಿ, ಟಯರು ದಪ್ಪದ್ದು ಹಾಕುವ. ಹಗುರದ್ದು ಸ್ಟಾಕ್ ಇಲ್ಲ, ತರಿಸಬೇಕು.

"ನಾನು ಐದನೇ ಕ್ಲಾಸು. ನನಗೆ ಪಾಠ ಬೇಡ. ಅವಳ ಸೊಂಟ ನೋಯಬಾರದು, ಅಷ್ಟೇ."

"ನೋಯುವುದಿಲ್ಲ. ಗ್ಯಾರಂಟಿ."

ನವೆಂಬರ್ 20, ಬುಧವಾರ

ಚಕ್ರ ಬರಲಿಲ್ಲ. ಮುಂದಿನ ವಾರ ಅಂತಾನೆ.

ಸೈನಬ ಅಕ್ಕನ ಹತ್ತಿರ ಫೋನಲ್ಲಿ ಮಾತಾಡಿದಳು. ಇವತ್ತು ಗುರುತು ಸಿಕ್ಕಿತಂತೆ. ಇಬ್ಬರೂ ನಗಾಡಿದ್ದು ಜಗಲಿವರೆಗೆ ಕೇಳಿತು. ನನ್ನ ವಿಷಯವೇ. ಆಗೆಲ್ಲ ಪಾತುಮ್ಮ ಮನೆಯಲ್ಲಿ ಕಟ್ಟಿದ ಬೀಡಿ ಡಿಪೋಗೆ ಕೊಡ್ಲಿಕ್ಕೆ ನನ್ನ ಜೀಪಲ್ಲೇ ಹೋಗುತ್ತಿದ್ದದ್ದು. "ಮೂಸಾ, ನಿನ್ನ ಜೀಪಲ್ಲಿ ಕೂತರೆ ಹೊಟ್ಟೆಯಲ್ಲಿದ್ದ ನೀರುದೋಸೆ ಉರುಳಿ ಉರುಳಿ ಉಂಡೆ ಕಟ್ಟಿ ಪುಂಡಿ ಆಗ್ತದೆ" ಅನ್ನುವವಳು. ಜೀಪಲ್ಲಿ ಇದ್ದವರೆಲ್ಲ ನಗುವವರು. ಆಮೇಲೆ ತಂಗಿಯನ್ನು ನನಗೇ ಕೊಡಿಸಿದ್ದೂ ಅವಳೇ.

ಫೋನಿಟ್ಟು ಸೈನಬ ಕೇಳಿದಳು, "ಬಸ್ಸಲ್ಲಿ ಹೋಗಿ ಬರಲಾ? ಫರ್ಹಾನ ಜೊತೆಗೆ ಬರ್ತಾಳಂತೆ." ನಮ್ಮ ಮಗಳು. ಅಪ್ಪನ ಮೇಲೆ ಅವಳಿಗೂ ನಂಬಿಕೆ ಇಲ್ಲ.

"ಚಕ್ರ ಬರಲಿ" ಅಂದೆ.

ನವೆಂಬರ್ 29, ಶುಕ್ರವಾರ

ಬಂತು! ಜುಮ್ಮಾ ಮುಗಿಸಿ ಹೋಗಿ ಹಾಕಿಸಿದೆ. ಒಂದು ಕೈಯಲ್ಲಿ ಚಕ್ರ ಎತ್ತಿ ನೋಡಿದೆ. ಹಗುರ, ಹೌದು. ಬರುವಾಗ ಬಂಟ್ವಾಳ ದಾಟಿದ್ದೇ ಗೊತ್ತಾಗಲಿಲ್ಲ. ಹಂಪಿನ ಮೇಲೆ ಹೋದರೆ ದೋಣಿಯಲ್ಲಿ ಹೋದ ಹಾಗೆ. ಸುಮ್ಮನೆ ಹೇಳುವುದಲ್ಲ.

ಭಾನುವಾರ ಪುತ್ತಿಗೆಗೆ. ಸೈನಬ ಅಕ್ಕನಿಗೆ ಅಂತ ತುಪ್ಪದ ರೊಟ್ಟಿಗೆ ಅಕ್ಕಿ ನೆನೆಹಾಕುವ ಲೆಕ್ಕಾಚಾರದಲ್ಲಿದ್ದಾಳೆ. ಎಷ್ಟೋ ದಿನದ ಮೇಲೆ ನನಗೆ ಕೇಳದೆಯೇ ಎರಡನೇ ಚಹಾ ಕೊಟ್ಟಳು.

ಡಿಸೆಂಬರ್ 1, ಭಾನುವಾರ. ಮಧ್ಯಾಹ್ನ

ಹೋಗಲಿಲ್ಲ.

ಬೆಳಿಗ್ಗೆ ದೂರದ ದಾರಿ ಅಂತ ಎಲ್ಲ ಸರಿ ಮಾಡಿದ್ದೆ. ನೀರು, ಆಯಿಲು. ಹೊಸ ಟಯರಿಗೆ ಒದ್ದೆ — ಹಲಸಿನ ಹಣ್ಣಿಗೆ ಒದ್ದ ಹಾಗೆ ಮೆತ್ತಗೆ. ಇದೆಂತ ಗಾಳಿ ಹಿಡಿಸಿದ್ದಾನೆ ಫೈಝಲ್ ಅಂತ ಕಂಪ್ರೆಸರ್ ಹಾಕಿ ನಾಲ್ಕನ್ನೂ ಗಟ್ಟಿ ಮಾಡಿದೆ. ಟಣ್ ಅನ್ನುವವರೆಗೆ.

ಗುರುವಾಯನಕೆರೆ ಮುಟ್ಟುವುದರೊಳಗೆ ಅವಳ ಮುಖ ಬಿಳಿಚಿತು. ವೇಣೂರಿನ ದಾರಿಗೆ ತಿರುಗಿ ಸ್ವಲ್ಪ ದೂರ. "ನಿಲ್ಲಿಸಿ" ಅಂದಳು. ಇಳಿದು ಸೇತುವೆಯ ಕಟ್ಟೆ ಹಿಡಿದು ನಿಂತಳು. ರೊಟ್ಟಿಯ ಡಬ್ಬ ಸೀಟಿನ ಮೇಲೆ. ವಾಪಸ್ ತಿರುಗಿಸಿದೆ.

"ನಿಮ್ಮ ಹೊಸ ಚಕ್ರಕ್ಕಿಂತ ಹಳೆಯದ್ದೇ ಲಾಯ್ಕ ಇತ್ತು" ಅಂದಳು. ಸಿಟ್ಟಿಲ್ಲದೆ ಹೇಳಿದಳು. ಅದೇ ತಾಗಿತು.

ಫೈಝಲ್‌ಗೆ ಫೋನ್ ಮಾಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಡೂಪ್ಲಿಕೇಟ್ ಮಾಲು ಕೊಟ್ಟೆ, ನಿನ್ನ ಅಪ್ಪ ಹೀಗಿರಲಿಲ್ಲ ಅಂತ. ಅವನು "ಒಮ್ಮೆ ಕಾರು ತನ್ನಿ ಮೂಸಾಕ, ನೋಡುವ" ಅಂತಲೇ ಇದ್ದ. ನಿನ್ನ ಅಂಗಡಿ ಮೆಟ್ಟಿಲು ಹತ್ತಿದರೆ ನಾನು ಮೂಸಾ ಅಲ್ಲ ಅಂದೆ. ಇಟ್ಟೆ.

ಡಿಸೆಂಬರ್ 28, ಶನಿವಾರ

ಬರೆಯಲಿಕ್ಕೆ ಮನಸ್ಸಿರಲಿಲ್ಲ.

ಸೈನಬ ಮಲಗಿಯೇ ಇದ್ದಳು, ಆ ದಿನದ ನಂತರ. ಈಗ ಎದ್ದು ಓಡಾಡ್ತಾಳೆ. ಫಿಸಿಯೋಥೆರಪಿಗೆ ಬಸ್ಸಲ್ಲೇ ಹೋಗ್ತಾಳೆ, ಫರ್ಹಾನ ಜೊತೆ. ಕಾರು ಶೆಡ್ಡಿನಲ್ಲಿ. ದಿನಾ ಒರೆಸ್ತೇನೆ. ಗಾಳಿ ನೋಡ್ತೇನೆ.

ಫಾಹಿಮಾಳ ಫೋನು ನಿನ್ನೆ. ಈಗ ಫೋನಲ್ಲಿ ಸೈನಬಳ ಸ್ವರ ಕೇಳಿದರೆ ಪಾತುಮ್ಮ "ರಾಂಗ್ ನಂಬರ್" ಅಂತಾಳಂತೆ. ಸೈನಬ ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಜನವರಿ 6, ಸೋಮವಾರ

ಹೋದೆ. ಫೈಝಲ್‌ನ ಅಂಗಡಿಗೆ. ನಾನು ಮೂಸಾ ಅಲ್ಲ, ಸರಿ. ಹಳೆಯ ಚಕ್ರವನ್ನೇ ವಾಪಸ್ ಹಾಕು ಅಂತ ಹೇಳಲಿಕ್ಕೆ ಹೋದದ್ದು.

ಅವನು ಕುರ್ಚಿ ಕೊಟ್ಟ. ಗಾಳಿಯ ಮೀಟರ್ ತಂದು ಮುಂದಿನ ಟಯರಿಗೆ ಇಟ್ಟ. ನೋಡಿದ. ಇನ್ನೊಂದಕ್ಕೆ ಇಟ್ಟ.

"ಗಾಳಿ ಯಾರು ಹಾಕಿದ್ದು ಮೂಸಾಕ?"

"ನಾನೇ. ಎಂತ?"

"ನಾನು ಮೂವತ್ತೆರಡು ಹಾಕಿದ್ದು. ಇದರಲ್ಲಿ ನಲವತ್ತೆಂಟು ಉಂಟು, ಟಯರು ಕಲ್ಲಾಗಿದೆ, ಕುಲುಕದೆ ಇರ್ತದಾ? ಇದು ಜೀಪಾ? ಒಳಗೆ ಹದಿನೆಂಟು ಜನ, ಟಾಪಿನ ಮೇಲೆ ಎಂಟು ಜನ ಹತ್ತಿಸ್ತೀರಾ?"

ಹೌದು. ಅಷ್ಟು ಜನ ಹತ್ತುತ್ತಿದ್ದರು. ಅಷ್ಟು ಜನಕ್ಕೆ ಅಷ್ಟು ಗಾಳಿ ಬೇಕಿತ್ತು. ಟಣ್ ಅನ್ನದಿದ್ದರೆ ಟಯರು ಕೂತೇಬಿಡುತ್ತಿತ್ತು. ಈಗ ನನ್ನ ಕಾರಿನಲ್ಲಿ ಇರುವುದು ನಾನು, ಅವಳು.

"ಹಳೆ ಚಕ್ರಕ್ಕೂ ಇಷ್ಟೇ ಹಾಕ್ತಿದ್ರಾ?"

ಅವನು ಪಿನ್ನು ಒತ್ತಿ ಗಾಳಿ ಬಿಟ್ಟ. ಸ್‌ಸ್‌ಸ್ ಅಂತ. ಒಂದೊಂದಾಗಿ ನಾಲ್ಕು. ಅಷ್ಟು ಹೊತ್ತು ತಲೆ ಎತ್ತಿ ನೋಡಲಿಕ್ಕೆ ಆಗಲಿಲ್ಲ ನನಗೆ. ಬೈದದ್ದಕ್ಕೆ ತಪ್ಪಾಯ್ತು ಅಂತ ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಚಹಾ ಕುಡಿಯುವ, ಬಾ."

"ಕುಡಿಯುವ" ಅಂದ. ಒಳ್ಳೆಯ ಜನ.

ಬರುವಾಗ ದೋಣಿಯ ಹಾಗೆ. ಅದೇ ಹಂಪು, ಅದೇ ಹೊಂಡ. ಪುಂಜಾಲಕಟ್ಟೆಯ ಹತ್ತಿರ ಬದಿಗೆ ಹಾಕಿ ಸ್ವಲ್ಪ ಹೊತ್ತು ಕೂತೆ.

ಸೈನಬಳಿಗೆ ಫೈಝಲ್ ಏನೋ ರಿಪೇರಿ ಮಾಡಿದ ಅಂದೆ.

ಜನವರಿ 8, ಬುಧವಾರ. ಸಂಜೆ

ಪುತ್ತಿಗೆಗೆ ಹೋಗಿ ಬಂದೆವು.

ಹೋಗುವಾಗ ಸೈನಬ ಹಿಡಿಕೆ ಹಿಡಿಯಲಿಲ್ಲ. ವೇಣೂರು ದಾಟುವಾಗ ತಿರುಗಿ ನೋಡ್ತೇನೆ, ನಿದ್ರೆ ಹೋಗಿದ್ದಾಳೆ. ಮಡಿಲಲ್ಲಿ ರೊಟ್ಟಿಯ ಡಬ್ಬ.

ಪಾತುಮ್ಮ ಮಂಚದಲ್ಲಿ ಕೂತಿದ್ದಳು. ಸೈನಬ ಹೋಗಿ ಕೈ ಹಿಡಿದಳು. ಪಾತುಮ್ಮ ಸುಮ್ಮನೆ ಹಿಡಿಸಿಕೊಂಡಳು. ಮುಖ ನೋಡಿದಳು, ಆಸ್ಪತ್ರೆಯ ನರ್ಸನ್ನು ನೋಡಿದ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ಕಣ್ಣು ಹೋಯ್ತು. ಮುಖ ಅರಳಿತು.

"ಓ, ಜೀಪಿನ ಮೂಸಾ! ಪುಂಡಿ ಆಯ್ತಾ?"

ಫಾಹಿಮಾ ನಕ್ಕಳು. ಸೈನಬಳೂ ನಕ್ಕಳು. ನಾನು, ಆಯ್ತು ಆಯ್ತು ಅಂದೆ.

"ಸೈನಬಳನ್ನು ಯಾಕೆ ತರಲಿಲ್ಲ ಮಾರಾಯ? ಎಷ್ಟು ದಿನದಿಂದ ಕಾಯ್ತಾ ಇದ್ದೇನೆ. ಮುಂದಿನ ಟ್ರಿಪ್ಪಿಗಾದರೂ ಕರಕೊಂಡು ಬಾ."

ಸೈನಬಳ ಕೈ ಅವಳ ಕೈಯೊಳಗೇ ಇತ್ತು.

"ತರ್ತೇನೆ" ಅಂದೆ. ಬೇರೆ ಎಂತ ಹೇಳುವುದು?

ವಾಪಸ್ ಬರುವಾಗ ಮೂಡುಬಿದಿರೆಯವರೆಗೆ ಅವಳು ಹೊರಗೆ ನೋಡ್ತಾ ಇದ್ದಳು. ಆಮೇಲೆ, "ಇವತ್ತು ಕುಲುಕಲೇ ಇಲ್ಲ" ಅಂದಳು. ಸ್ವಲ್ಪ ಕಳೆದು, "ಫೈಝಲ್ ಎಂತ ರಿಪೇರಿ ಮಾಡಿದ?"

ಎದುರು ಬಸ್ಸು ಬಂತು. ಹಾರ್ನ್ ಹೊಡೆದೆ.

ಈಗ ಅಡಿಗೆಕೋಣೆಯಲ್ಲಿ ಇದ್ದಾಳೆ. ಡಬ್ಬ ತೊಳೆಯುವ ಶಬ್ದ. ಹೇಳಬೇಕು. ಚಕ್ರ ಅಲ್ಲ, ಟಯರೂ ಅಲ್ಲ, ಫೈಝಲ್ ಮಾಡಿದ್ದು ಏನೂ ಅಲ್ಲ, ನಾನೇ ದಿನಾ ಬೆಳಿಗ್ಗೆ ಎದ್ದು ನನ್ನ ಕೈಯಾರೆ —

ನೀರು ನಿಲ್ಲಿಸಿದಳು. ಬರ್ತಾ ಇದ್ದಾಳೆ. ಈಗ ಹೇಳ್ತೇನೆ, ಗಾಳಿ