ಕೆನ್ನೆಯಿಂದ ಬಂದ ಕಣ್ಣು

ಮನೆಯಿಂದ,
ಫೆಬ್ರವರಿ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಂಪ್ಯೂಟರಿನ ಮುಂದೆ ಗೂನು ಹಾಕಿಕೊಂಡು ಕೂರಬೇಡ ಅಂದರೆ ನೀನು ಕೇಳುವವಳಲ್ಲ. ಅಲ್ಲಿ ಚಳಿ ಜಾಸ್ತಿಯಂತೆ, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಮಾಮೂಲು. ನಾನೂ ಚೆನ್ನಾಗಿದ್ದೇನೆ. ಅಕ್ಷರ ನೋಡಿ ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು, ಇದು ನನ್ನದೇ ಕೈ. ಒಂಬತ್ತು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಸಾಲುಗಳು ಗೆರೆ ಬಿಟ್ಟು ಗುಡ್ಡ ಹತ್ತುತ್ತಿದ್ದರೆ ನಕ್ಕುಬಿಡು, ಆದರೆ ತಿದ್ದಿ ವಾಪಸ್ಸು ಕಳಿಸಬೇಡ. ಚಿಕ್ಕವಳಿದ್ದಾಗ ನನ್ನ ಕೂಲಿ ಚೀಟಿಗಳ ಕಾಗುಣಿತವನ್ನೇ ತಿದ್ದುತ್ತಿದ್ದವಳು ನೀನು.

ಆಪರೇಷನ್ ಆಯಿತು, ಎಡಗಣ್ಣು ಕಾಣುತ್ತಿದೆ ಅಂತ ಅತ್ತಿಗೆ ನಿಮ್ಮ ಆಫೀಸಿನ ಫೋನಿಗೆ ಸುದ್ದಿ ಮುಟ್ಟಿಸಿದ್ದಾಳೆ. ಅಷ್ಟರಿಂದ ಏನು ಹೇಳಿದ ಹಾಗಾಯಿತು? ಆಕಾಶದಿಂದ ಬರುವ ಸಣ್ಣ ಸದ್ದು ಕೆಟ್ಟುಹೋಗುತ್ತದೆಂದು ನಿನ್ನ ರೇಡಿಯೋ ಟೆಲಿಸ್ಕೋಪಿನ ಆ ದೊಡ್ಡ ಬಟ್ಟಲುಗಳ ಬಯಲಿಗೆ ಮೊಬೈಲು ತರುವಂತಿಲ್ಲ. ಹಾಗಾಗಿ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ಗೋಡೆ ಬಳಿಯಲು ಕಟ್ಟಿದ್ದ ಸಾರುವೆಯ ಮೇಲಿನಿಂದ ಸುಣ್ಣದ ಬಕೆಟ್ಟು ನನ್ನ ಮುಖದ ಮೇಲೆ ಮಗುಚಿದ ದಿನದಿಂದ ನನಗೆ ಉಳಿದಿದ್ದು ಬೆಳಕು ಯಾವುದು, ಕತ್ತಲು ಯಾವುದು ಎನ್ನುವಷ್ಟೇ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕಣ್ಣಿನ ಕಾರ್ನಿಯಾ, ಅಂದರೆ ಮುಂದಿನ ಗಾಜು, ಹಾಕಿ ನೋಡಿದರು, ವರ್ಷ ತುಂಬುವುದರೊಳಗೆ ಅದೂ ಮಂಜಾಯಿತು. ಅದು ಯಾಕೆ ನಿಲ್ಲಲಿಲ್ಲ ಎಂಬುದನ್ನು ಹೋದ ವರ್ಷ ಆ ಸಂಶೋಧನಾ ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿ ಕೂತು ವಿವರಿಸಿದರು. ಕಣ್ಣಿನ ಒಳಗೆಲ್ಲ ಸರಿಯಾಗಿಯೇ ಇದೆಯಂತೆ. ಮುಂದಿನ ಗಾಜನ್ನು ದಿನವೂ ಹೊಸದು ಮಾಡುತ್ತಿರುವ ಜೀವಕೋಶಗಳು ಅಂಚಿನಲ್ಲಿರುತ್ತವೆ, ಸುಣ್ಣ ಅವನ್ನೇ ಸುಟ್ಟಿದೆ. ಪೇಂಟರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಪ್ರೈಮರ್ ಇಲ್ಲದ ಗೋಡೆಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಹಕ್ಕಳೆ ಏಳುತ್ತದೆ.

ಅವರು ಹೇಳಿದ ಉಪಾಯ ಕೇಳಿ ಮಾತ್ರ ನಾನು ನಕ್ಕುಬಿಟ್ಟೆ. ನನ್ನ ಕೆನ್ನೆಯ ಒಳಗಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆಯುತ್ತಾರಂತೆ, ಅದರ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರಂತೆ, ಬೆಳೆದ ಪೊರೆಯನ್ನು ಕಣ್ಣಿಗೆ ಹೊದಿಸುತ್ತಾರಂತೆ. ಬಾಯಿಯಲ್ಲಿ ಹುಟ್ಟಿದ್ದು ಕಣ್ಣಿನ ಕೆಲಸ ಕಲಿಯುತ್ತದೆ ಎಂದರೆ ಯಾರು ನಂಬುತ್ತಾರೆ? ನಿನ್ನ ಅತ್ತಿಗೆ ಪಕ್ಕದಿಂದ, “ಬಾಯಿ ಸಾಲದು ಅಂತ ಇವರು ಇನ್ನು ಕಣ್ಣಲ್ಲೂ ಮಾತಾಡ್ತಾರೆ, ನನ್ನ ಗತಿ ಏನು ಡಾಕ್ಟ್ರೇ?” ಎಂದಳು. ಕೋಶಗಳು ಬೆಳೆಯಲು ಒಂದು ಹಾಸು ಬೇಕು. ಅದನ್ನು ಮಾಡುವವನು ಮೇಲಿನ ಮಹಡಿಯ ನ್ಯಾನೋ ಲ್ಯಾಬಿನವನು, ನಾವು ಅವನಿಗೆ ನೇಕಾರ ಅಂತ ಹೆಸರಿಟ್ಟೆವು. ಕೂದಲಿಗಿಂತ ನೂರಾರು ಪಟ್ಟು ಸಣ್ಣ ಎಳೆಗಳನ್ನು ಕರೆಂಟಿನ ಸೆಳೆತದಿಂದ ಎಳೆದು ಚಾಪೆ ಮಾಡುತ್ತಾನೆ. ಮುಟ್ಟಿ ನೋಡುತ್ತೇನೆ ಅಂತ ನಾನು ಬೆರಳು ಚಾಚಿದೆ. ಬಹಳ ಹೊತ್ತು ಕಾದು, ಎಲ್ಲಪ್ಪಾ, ಇಡು ಎಂದೆ. “ಇಟ್ಟು ಎರಡು ನಿಮಿಷ ಆಯ್ತು, ಸರ್” ಎಂದ. ಕೈಯಲ್ಲೇ ಲೋಕ ನೋಡುತ್ತಿದ್ದವನು ನಾನು, ನನ್ನ ಬೆರಳಿಗೂ ಸಿಗದ ವಸ್ತು ಅದು.

ಕೊನೆಗೆ ಒಪ್ಪಿ ಒಂದು ಕೆನ್ನೆ ಕೊಟ್ಟೆ. ಆ ಕೋಶಗಳನ್ನು ನೋಡಿಕೊಳ್ಳುವ ಹುಡುಗಿಗೆ ಸಾಕುತಾಯಿ ಅಂತ ಹೆಸರು. ಭಾನುವಾರವೂ ಬಂದು ಅವಕ್ಕೆ ಆಹಾರ ಬದಲಿಸಿ, ನಿಮ್ಮವು ಇವತ್ತು ಚೆನ್ನಾಗಿವೆ ಎಂದು ಫೋನು ಮಾಡುತ್ತಿದ್ದಳು, ಬೇರೆ ಊರಲ್ಲಿ ಓದುವ ಮಕ್ಕಳ ಸುದ್ದಿ ಹೇಳಿದ ಹಾಗೆ. ಹನ್ನೊಂದನೇ ದಿನ ಫೋನು ಬರಲಿಲ್ಲ, ಅವಳೇ ಮನೆಗೆ ಬಂದಳು. ತಟ್ಟೆಗೆ ಬೂಷ್ಟು ಹಿಡಿದಿತ್ತು, ಎಲ್ಲವನ್ನೂ ಎಸೆಯಬೇಕಾಯಿತು. “ತಪ್ಪು ಎಲ್ಲಾಯ್ತು ಅಂತ ಹುಡುಕ್ತಾ ಇದೀವಿ. ಆದರೆ ನಿಮಗೆ ನಾನೇ ಬಂದು ಹೇಳ್ಬೇಕು ಅನ್ನಿಸ್ತು” ಎಂದಳು. ನಾನು ಒಳ್ಳೆಯ ಮಾತಾಡಲಿಲ್ಲ, ಪುಟ್ಟೀ. ಇನ್ನು ನನ್ನ ತಂಟೆಗೆ ಬರಬೇಡಿ, ಪ್ರಯೋಗಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದುಬಿಟ್ಟೆ. ಅತ್ತಿಗೆ ಕೊಟ್ಟ ಕಾಫಿಯನ್ನೂ ಕುಡಿಯದೆ ಆ ಹುಡುಗಿ ಹೋದಳು. ಎರಡು ತಿಂಗಳು ನಾನು ಆಸ್ಪತ್ರೆಯ ಹೆಸರೆತ್ತಲಿಲ್ಲ, ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ.

ಆಮೇಲೆ ನಿನ್ನ ಕಾಗದ ಬಂತು. ಭೂಮಿ ಹುಟ್ಟುವುದಕ್ಕೂ ಎಷ್ಟೋ ಮೊದಲು ಹೊರಟ ಅಲೆಗಳು ನಿನ್ನ ಬಟ್ಟಲಿಗೆ ಈಗ ಬಂದು ಬಿದ್ದಿವೆ, ಹಸುಗೂಸಾಗಿರಬೇಕಿದ್ದ ಒಂದು ಗೆಲಾಕ್ಸಿ ಆಗಲೇ ಮೀಸೆ ಬಂದವನ ಹಾಗೆ ಬೆಳೆದು ನಿಂತಿದೆ ಅಂತ ಬರೆದಿದ್ದೆ. “ನಮ್ಮ ಲೆಕ್ಕ ತಪ್ಪಿದೆ ಅಣ್ಣ, ಅದಕ್ಕೇ ಇಲ್ಲಿ ಎಲ್ಲರಿಗೂ ಸಂಭ್ರಮ” ಎಂಬ ಸಾಲನ್ನು ಅತ್ತಿಗೆಯಿಂದ ಮೂರು ಸಲ ಓದಿಸಿದೆ. ನನ್ನ ಕಸುಬಿನಲ್ಲಿ ತಪ್ಪಾದರೆ ಮೇಲೊಂದು ಕೋಟು ಬಳಿದು ಮುಚ್ಚುತ್ತೇವೆ. ಆ ಹುಡುಗಿ ಮುಚ್ಚಿರಲಿಲ್ಲ, ಬಸ್ಸು ಹತ್ತಿ ಬಂದು ಹೇಳಿದ್ದಳು. ಮರುದಿನ ನಾನೇ ಫೋನು ಮಾಡಿ ಕ್ಷಮೆ ಕೇಳಿದೆ, ಇನ್ನೊಂದು ಕೆನ್ನೆಯೂ ಇದೆ, ತೆಗೆದುಕೊಳ್ಳಮ್ಮ ಎಂದೆ.  ಅವಳು ಬುಧವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಳು.

ಈ ಸಲ ಬೂಷ್ಟು ಬರಲಿಲ್ಲ. ಪೊರೆ ಹೊದಿಸಿ, ವಾರಗಟ್ಟಲೆ ಹನಿ ಬಿಟ್ಟು, ಮುಟ್ಟಬೇಡಿ, ಉಜ್ಜಬೇಡಿ ಎಂದು ಬೈಸಿಕೊಂಡು ಕಳೆದೆ. ಮೊದಮೊದಲು ಬರೀ ಹಾಲಿನ ಬಿಳುಪು. ಆರನೇ ವಾರ ಡಾಕ್ಟರಮ್ಮ ಏನು ಕಾಣುತ್ತಿದೆ ಅಂತ ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? “ಆ ಮೂಲೇಲಿ ಎರಡನೇ ಕೋಟು ಬಳಿದಿಲ್ಲ.” ಎಲ್ಲರೂ ಗೋಡೆಯ ಕಡೆ ತಿರುಗಿ ನೋಡಿದರು. ನೇಕಾರ ಮೊದಲು ನಕ್ಕ, ಸಾಕುತಾಯಿ ಅತ್ತಳು. ನಿನ್ನ ಅತ್ತಿಗೆ ಕೈಯಿಂದ ಮುಖ ಮುಚ್ಚಿಕೊಂಡು, “ನೋಡ್ಬೇಡಿ, ತಲೆ ಬಾಚಿಲ್ಲ” ಎಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಪುಟ್ಟೀ. ಒಂಬತ್ತು ವರ್ಷ ನನ್ನ ಮನಸ್ಸಿನಲ್ಲಿ ಅವಳ ಜಡೆ ಕಪ್ಪಗೇ ಇತ್ತು. ಕೈ ಸರಿಸಿ ಸಮಾಧಾನವಾಗಿ ನೋಡಿದೆ. ಆ ಮುಖಕ್ಕಾಗಿ ನಾನು ಯಾರಿಗೆ, ಎಷ್ಟು ಸಲ ಕೈ ಮುಗಿಯಲಿ?

ಈಗ ದಪ್ಪ ಅಕ್ಷರ ಓದುತ್ತೇನೆ, ಸಣ್ಣದಕ್ಕೆ ಭೂತಗನ್ನಡಿ ಬೇಕು. ದೂರದ್ದು ಆವಿ ಹಿಡಿದ ಕಿಟಕಿಯಾಚೆ ಇದ್ದ ಹಾಗೆ. ಬಲಗಣ್ಣಿನದು ಹೇಳಲು ಬರುವುದಿಲ್ಲ, ಮುಂದೆ ನೋಡೋಣ ಎಂದಿದ್ದಾರೆ. ನನಗೆ ಅವಸರವಿಲ್ಲ. ಬೆಳಿಗ್ಗೆ ಎದ್ದು ನೀರು ಕಾಯುವ ಪಾತ್ರೆಯಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ನಿಲ್ಲುತ್ತೇನೆ. ಅದೇ ನನಗೆ ಹೊಟ್ಟೆ ತುಂಬುವಷ್ಟು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ, ಲೆಕ್ಕ ತಪ್ಪಿದವರಿಗೆ ವಿಶೇಷವಾಗಿ, ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು, ನಿನ್ನ ಕೈ ಹಿಡಿದ ಕೆಲಸವೆಲ್ಲ ನೆಟ್ಟಗಾಗಲಿ.

ನಿನ್ನ ಪ್ರೀತಿಯ
ಅಣ್ಣ

ತಾ.ಕ. (ಸೋಮವಾರ): ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅತ್ತಿಗೆ ಓದಿ ಹೇಳಿದ್ದ ನಿನ್ನ ಹಳೆಯ ಕಾಗದಗಳನ್ನು ಈ ವಾರ ಭೂತಗನ್ನಡಿ ಹಿಡಿದು ನಾನೇ ಓದಿದೆ. ನಾಲ್ಕು ವರ್ಷದ ಹಿಂದಿನ ಒಂದರಲ್ಲಿ, “ಕೆಲಸ ಬಿಟ್ಟು ಬಂದು ನಿನ್ನ ಜೊತೆ ಇರಲಾ ಅಣ್ಣ?” ಎಂದು ನೀನು ಕೇಳಿದ್ದೀಯ. ಆ ಸಾಲನ್ನು ಅವಳು ನನಗೆ ಓದಲೇ ಇಲ್ಲ, ‘ಬೇಡ’ ಅಂತ ನನ್ನ ಹೆಸರಲ್ಲಿ ತಾನೇ ಉತ್ತರ ಬರೆದಿದ್ದಾಳೆ, ನಿನ್ನ ಮುಂದಿನ ಕಾಗದದಿಂದ ತಿಳಿಯಿತು. ಅಂದಿನಿಂದ ನೀನು ಮನೆಗೆ ಬಂದಿಲ್ಲ, ಅಣ್ಣನಿಗೆ ನಾನು ಬೇಡವಾದೆ ಅಂದುಕೊಂಡೆಯಾ? ನಿನ್ನೆ ಅವಳನ್ನು ಕೇಳಿದೆ. “ಓದಿದ್ರೆ ನೀವು ಬಾ ಅಂತಿದ್ರಿ. ಅವಳು ಕೆಲಸ ಬಿಟ್ಟು ಬಂದೇಬಿಡ್ತಿದ್ಲು” ಎಂದಳು. ನಿಜ, ಬಾ ಅಂತಲೇ ಅನ್ನುತ್ತಿದ್ದೆ. ಅವಳ ಮೇಲೆ ಸಿಟ್ಟು ಮಾಡಬೇಡ, ನಾನು ಮಾಡಿಲ್ಲ. ಕೆಲಸ ಬಿಡಬೇಡ, ರಜೆ ಹಾಕಿ ಬಾ. ನಿನ್ನ ಮುಖ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ.