ಹುಲಿಗೆವ್ವ ಹಿಡಿಯದ ಕೈ

ಗಂಗಾವತಿ
ಫೆಬ್ರವರಿ ೩೦, ೨೧೯೪

ಕಬಡ್ಡಿ ಆಟಗಾರ್ತಿಯವರೇ,

ತಾರೀಖು ತಪ್ಪಿಲ್ಲ, ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಈ ಪತ್ರದ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆ. ನಿಮ್ಮ ಹೆಸರು ನಮಗೆ ಉಳಿದಿಲ್ಲ. ನಿಮ್ಮದೇ ತಂಡದವಳೊಬ್ಬಳು ಆಟದ ನಡುವೆ ದಿನವೂ ನಿಮ್ಮ ಬೆರಳು ತಿರುಚುತ್ತಿದ್ದಳೆಂದೂ, ಒಂದು ಪಂದ್ಯದಲ್ಲಿ ನೀವು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರೆಂದೂ ಮಾತ್ರ ಗೊತ್ತು. ಆ ಪಂದ್ಯದ ಹಿಂದಿನ ದಿನ ಈ ಪತ್ರ ನಿಮ್ಮ ಕೈ ಸೇರಲಿ.

ಎದುರಾಳಿ ನುಗ್ಗಿ ಬಂದಾಗ ಕೈಕೈ ಹಿಡಿದು ನಿಲ್ಲುವ ಸರಪಳಿ ನಮ್ಮಲ್ಲೂ ಇದೆ. ಉಳಿದದ್ದು ಬಹಳ ಬದಲಾಗಿದೆ. ಬಿಸಿಲು ತಾಳಲಾಗದ್ದರಿಂದ ಬೆಳಗಿನ ತಂಪಿನಲ್ಲೇ ಆಟ ಮುಗಿಸುತ್ತೇವೆ. ಅಂಕಣಕ್ಕೆ ಕೆರೆಯ ಜೊಂಡಿನ ಚಾಪೆ ಹಾಸುತ್ತಾರೆ. ಆಟವಾದ ಮೇಲೆ ಗೆದ್ದವರೂ ಸೋತವರೂ ಒಂದೇ ಸಾಲಿನಲ್ಲಿ ಕುಳಿತು ಅಂಬಲಿ ಕುಡಿಯುತ್ತೇವೆ. ರೆಫರಿಯ ಜಾಗದಲ್ಲಿ ಉಸಿರುಗಾವಲು ಎಂಬ ಯಂತ್ರವಿದೆ. ದಾಳಿಗೆ ಹೋದವಳ ಉಸಿರು ಕೂದಲೆಳೆಯಷ್ಟು ಕಡಿದರೂ ಕೂಗುತ್ತದೆ. ಆದರೆ ಎರಡು ಅಂಗೈಗಳ ನಡುವೆ ಒಂದು ಕಿರುಬೆರಳು ಹಿಂದಕ್ಕೆ ಮಣಿಯುವುದು ಅದಕ್ಕೆ ಕಾಣುವುದಿಲ್ಲ.

ಆದ್ದರಿಂದ ಕೈಗೇಳಿಕೆ ಎಂಬ ಪದ್ಧತಿ ಇದೆ. ಪಂದ್ಯಕ್ಕೆ ಮುಂಚೆ ಎಲ್ಲರೂ, ತಂಡಕ್ಕೆ ಕೊನೆಗೆ ಸೇರಿದವಳ ಮುಂದೆ ಒಬ್ಬೊಬ್ಬರಾಗಿ ಬಂದು ಕೈ ಚಾಚುತ್ತಾರೆ. ಅವಳು ಯಾರ ಕೈ ಹಿಡಿಯುವುದಿಲ್ಲವೋ ಅವರು ಆ ದಿನ ಆಡುವಂತಿಲ್ಲ. ಏಕೆಂದು ಆಗ ಯಾರೂ ಕೇಳಬಾರದು, ವಿಚಾರಣೆ ಆಮೇಲೆ. ನಿಮ್ಮಿಂದ ಬಂದದ್ದು ಈ ಪದ್ಧತಿ. ನಾನು ಆಡಲು ಬಂದ ಮೇಲೆ ಯಾರೂ ಯಾರ ಕೈಯನ್ನೂ ಹಿಡಿಯದೆ ಬಿಟ್ಟಿರಲಿಲ್ಲ. ಅಂಕಣದ ಮೂಲೆಗೆ ಅರಿಸಿನ ಹಚ್ಚಿದಂತೆ ಇದೂ ಒಂದು ಶಾಸ್ತ್ರ ಎಂದುಕೊಂಡವರೇ ಹೆಚ್ಚು.

ಮೊನ್ನೆ ನಮ್ಮ ಫೈನಲ್. ನಾನು, ಬಸಲಿಂಗವ್ವ, ತಂಡದ ನಾಯಕಿ. ಬೆಳಿಗ್ಗೆ ಎದ್ದಾಗ ನನ್ನ ಹಾಸಿಗೆಯ ಪಕ್ಕದಲ್ಲಿ ಹುಲಿಗೆವ್ವನ ಜೆರ್ಸಿ ಮಡಚಿ ಇಟ್ಟಿತ್ತು. ಈ ವರ್ಷವಷ್ಟೇ ಕುಕನೂರಿನಿಂದ ಬಂದ, ತಂಡದಲ್ಲಿ ಎಲ್ಲರಿಗಿಂತ ಹೊಸ ಹುಡುಗಿ. ಇದೊಂದು ಪಂದ್ಯ ಹಳೆಯ ಅಂಗಿಯಲ್ಲೇ ಆಡಿ ಊರಿಗೆ ಹೋಗುತ್ತೇನೆ, ಮತ್ತೆ ಆಡುವುದಿಲ್ಲ ಎಂದಳು. ಕಾರಣ ಹೇಳಲಿಲ್ಲ.

ಕೈಗೇಳಿಕೆಯಲ್ಲಿ ನೀಲಕ್ಕನ ಸರದಿ ಬಂತು. ಅವಳು ಎದುರಾಳಿಯ ಕಾಲು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ. "ಹಿಡ್ಯವಾ ಉಪ್ಪಿಲ್ಲದ ಸಾರು, ಹೊತ್ತಾತು" ಎಂದಳು. ಅದು ಅವಳು ಹುಲಿಗೆವ್ವನಿಗೆ ಇಟ್ಟಿದ್ದ ಹೆಸರು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಮ್ಯಾನೇಜರ್ ಶಿವಪುತ್ರಪ್ಪ ನಕ್ಕರು. "ಶಾಸ್ತ್ರ ಮರತಾಳ, ಯಾರರ ಹೇಳ್ರವಾ."

"ಮರತಿಲ್ರಿ ಕಾಕಾ."

"ಏ, ತಮಾಷಿಗೆ ಬೆರಳು ಮಣಿಸಿದ್ನಿ," ಎಂದಳು ನೀಲಕ್ಕ. "ಅಷ್ಟಕ್ಕ ಫೈನಲ್ ಕೆಡಸ್ತೀಯೇನ?"

ಏಕೆಂದು ಯಾರೂ ಕೇಳಿರಲಿಲ್ಲ. ಬೆರಳಿನ ಮಾತು ತೆಗೆದವಳು ಅವಳೇ. ಶಿವಪುತ್ರಪ್ಪನವರ ನಗು ನಿಂತಿತು. ಆದರೂ ನನ್ನನ್ನು ಪಕ್ಕಕ್ಕೆ ಕರೆದು, "ಇದೊಂದ್ ಮ್ಯಾಚ್ ಆಡಿಸಿಬಿಡು ಬಸಲಿಂಗವ್ವ, ನಾಳೆ ನೋಡೂಣು" ಎಂದರು. ನಾಳೆಯ ಹೊತ್ತಿಗೆ ಹುಡುಗಿ ಕುಕನೂರಿನಲ್ಲಿರುತ್ತಿದ್ದಳು.

"ನೀಲಕ್ಕ, ನೀ ಹೊರಗ ಕುಂದ್ರು" ಎಂದೆ. ಸರಪಳಿಯಲ್ಲಿ ಅವಳ ಜಾಗಕ್ಕೆ ನಾನು ಹೋದೆ. ಹುಲಿಗೆವ್ವ ನನ್ನ ಕೈ ಹಿಡಿದಳು. ಅವಳ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಚೆನ್ನಾಗಿಯೇ ಆಡಿದೆವು, ಸೋತೆವು. ನೀಲಕ್ಕ ಇದ್ದಿದ್ದರೆ ಗೆಲ್ಲುತ್ತಿದ್ದೆವು, ಅದರಲ್ಲಿ ನನಗೆ ಅನುಮಾನವಿಲ್ಲ. ಅಂಬಲಿಯ ಸಾಲಿನಲ್ಲಿ ಹಲವರು ನನ್ನಿಂದ ದೂರ ಸರಿದು ಕುಳಿತರು. ಮುಂದಿನ ವರ್ಷವೂ ನಾನು ಹಾಗೆಯೇ ಮಾಡುತ್ತೇನೆ.

ಫೈನಲ್ ಕಪ್ ಎದುರಿನವರ ಬಸ್ಸಿನಲ್ಲಿ ಹೋಯಿತು. ಹುಲಿಗೆವ್ವ ನಮ್ಮ ಬಸ್ಸು ಹತ್ತಿದಳು. ಜೆರ್ಸಿ ವಾಪಸ್ ಕೇಳಿದಳು, ಕೊಟ್ಟೆ.

ನಾಳೆ ನಿಮ್ಮ ಪಂದ್ಯ. ನಿಮ್ಮ ಹಿಂದೆ ಯಾವ ಪದ್ಧತಿಯೂ ಇಲ್ಲ, ಗದರಿಸುವವರು ಬಹಳ ಇದ್ದಾರೆ. ಪಕ್ಕದವಳು ಕೈ ಚಾಚುತ್ತಾಳೆ. ಹಿಡಿಯಬೇಡಿ. ಇಲ್ಲಿ ಒಬ್ಬ ಹುಡುಗಿ ನಿಮ್ಮ ಹಾಗೆಯೇ ನಿಂತಿದ್ದಳು.

ಬಸಲಿಂಗವ್ವ