ಧಗೆ ಎಂದು ಬರೆದೆ, ದಗಾ ಎಂದು ಓದಿದಿರಿ

ಮಾನ್ಯ ವಿದ್ಯುತ್ ಅಧಿಕಾರಿಗಳೇ,

ಮೂರು ದಿನದ ಹಿಂದೆ ನಿಮ್ಮ ಸಿಬ್ಬಂದಿ ತಾಂಡೂರಿನ ನಮ್ಮ ಮನೆಗೆ ಬಂದು, ಕರೆಂಟ್ ಕಳ್ಳತನದ ಅನುಮಾನವೆಂದು ತಂತಿ ಕಿತ್ತುಕೊಂಡು ಹೋದರು. ಒಳಗೆ ಬಾಣಂತಿ ಮತ್ತು ಹನ್ನೊಂದು ದಿನದ ಕೂಸು ಇದ್ದರು. ಆ ಕಳ್ಳತನದ ಸುಳಿವು ಕೊಟ್ಟವನು ನಾನೇ ಅಂತೆ.

ನಡೆದದ್ದು ಇಷ್ಟು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಕರೆಂಟ್ ಕಡಿತವನ್ನು ಬೆಳಗಿನ ಜಾವಕ್ಕೆ ಸರಿಸಿ ಎಂದು ತೆಲುಗಿನಲ್ಲಿ ಅರ್ಜಿ ಬರೆದಿದ್ದೆ. ಒಂದು ಕಡೆ ತೆಲುಗು ಮಾತು ನೆನಪಾಗದೆ, 'ಮನೆಯಲ್ಲಿ ಧಗೆ ಬಹಳ' ಎನ್ನಲು ನಮ್ಮ ಕನ್ನಡದ ಧಗೆಯನ್ನೇ ತೆಲುಗು ಅಕ್ಷರದಲ್ಲಿ ಇಳಿಸಿದೆ. ನಿಮ್ಮ ಗುಮಾಸ್ತರು ಅದನ್ನು ದಗಾ, ಅಂದರೆ ಕರೆಂಟಿನ ಮೋಸ, ಎಂದು ಓದಿದರು. ನನ್ನ ಮನೆಯಲ್ಲಿ ಮೋಸ ನಡೆದಿದೆ ಎಂದು ಯಜಮಾನನೇ ಅರ್ಜಿ ಕೊಡುತ್ತಾನೆಯೇ? ನಾಲ್ಕು ಅರ್ಜಿಗೆ ಅಲುಗದಿದ್ದ ಕಚೇರಿ ಐದನೆಯದಕ್ಕೆ ಜೀಪು ಹತ್ತಿ ಬಂತು.

ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುವುದು ಪದ್ಧತಿ. ನನ್ನ ಮಗಳು ಶಿಲ್ಪಾರಾಣಿ ಹುಟ್ಟಿದ್ದೂ ಹೀಗೆ ಯುಗಾದಿಯ ಆಸುಪಾಸಿನಲ್ಲೇ. ಆಗ ಎರಡು ಚೀಲ ಇದ್ದಿಲು ಸುಟ್ಟಿದ್ದೆವು. ಈಗ ಅವಳು ಹೆತ್ತಿದ್ದಾಳೆ. ಅವಳ ಬಾಣಂತನಕ್ಕೆ ಬಂದ ಪೋಚಮ್ಮ ನಲವತ್ತು ವರ್ಷ ಕೆಂಡ ಇಟ್ಟವಳು. ಕೂಸಿನ ಮೈ ಮುಟ್ಟಿ ನೋಡಿ, ನಮ್ಮ ಕಲ್ಲಿನ ಛಾವಣಿಯತ್ತ ಕೈ ತೋರಿಸಿದಳು: "ಶೇಗಡಿ ಹೊರಗ ಇಡೋ ಸಾಯಪ್ಪ, ಕೂಲರ್ ತಾ. ಮ್ಯಾಲಿನ ಕಲ್ಲೇ ಶೇಗಡಿ ಆಗ್ಯಾದ."

ಚಳಿಗಾಲದಲ್ಲೂ ಈಗ ಇದ್ದಿಲಿನ ಚೀಲ ಬಿಚ್ಚುವವರಿಲ್ಲ. ಶಿವರಾತ್ರಿಗೇ ಕೂಲರ್ ಇಳಿಸುತ್ತೇವೆ. ಪೋಚಮ್ಮನಿಗೆ ತಿಳಿದದ್ದು ನಿಮ್ಮ ಕಡಿತದ ಪಟ್ಟಿಗೆ ಇನ್ನೂ ತಿಳಿದಿಲ್ಲ. ಮನೆಗಳಿಗೆ ಕರೆಂಟ್ ಬೇಕಾಗುವುದು ಸಂಜೆಯ ದೀಪಕ್ಕೆ ಮಾತ್ರ ಎಂದೇ ಅದು ನಂಬಿಕೊಂಡಿದೆ.

ನಿನ್ನೆ ಕಚೇರಿಗೆ ಬಂದು ತಪ್ಪು ವಿವರಿಸಿದೆ. ಗುಮಾಸ್ತರು ನಕ್ಕರು. "ತೆಲಂಗಾಣ ಬರ್ಲಿ ತಡೀರಿ, ಎಲ್ಲಾ ಸರಿ ಆಗ್ತದ" ಅಂದರು. ನಾನೂ ಜೈ ತೆಲಂಗಾಣ ಎಂದು ರಸ್ತೆಯಲ್ಲಿ ಕೂತವನೇ, ರಾಜ್ಯಕ್ಕಾಗಿ ಇನ್ನೂ ಎರಡು ವರ್ಷ ಬೇಕಾದರೆ ಕಾಯುತ್ತೇನೆ. ಆದರೆ ಕೂಸಿನ ಮೈತುಂಬ ಬೆವರುಗುಳ್ಳೆ, ಹಾಲು ಸರಿಯಾಗಿ ಕುಡಿಯುತ್ತಿಲ್ಲ. ತಂಪಿನಲ್ಲಿಡಿ ಎಂದು ದವಾಖಾನೆಯವರು ಹೇಳಿ ಕಳಿಸಿದ್ದಾರೆ. ಒದ್ದೆ ಸೀರೆ ಕಟ್ಟಿ, ಸರದಿಯ ಮೇಲೆ ಬೀಸಣಿಗೆ ಬೀಸುತ್ತಿದ್ದೇವೆ. ನನಗೆ ಭಯವಾಗಿದೆ, ಸಾಕೂ ಆಗಿದೆ.

ಇಂದೇ ತಂತಿ ಜೋಡಿಸಿ. ಮಧ್ಯಾಹ್ನದ ಕಡಿತ ನಿಲ್ಲಿಸಿ. ಎರಡೂ ಆಗದಿದ್ದರೆ ಆ ಅರ್ಜಿಯನ್ನು ತಿದ್ದುವುದು ಬೇಡ. ನಿಮ್ಮ ಗುಮಾಸ್ತರು ಓದಿದ್ದೇ ಸರಿ ಎಂದು ಸಹಿ ಹಾಕಿ ಕೊಡುತ್ತೇನೆ. ದಗಾ ಮಾಡಿದವರು ಯಾರು ಎಂಬ ಜಾಗ ಖಾಲಿ ಬಿಟ್ಟಿರುತ್ತೇನೆ, ನೀವೇ ತುಂಬಿಕೊಳ್ಳಿ.

ಇಂತಿ,
ಮೂರು ಭಾಷೆ ಕಲಿತೂ ಒಂದು ಅರ್ಜಿ ಬರೆಯಲು ಬಾರದ ಅಜ್ಜ,
ಸಾಯಪ್ಪ, ತಾಂಡೂರು